ಬೀಜದ ಗಡಿಗೆಯಲ್ಲಿ ಐದನೇ ಟ್ಯಾಬು

ಚಿನ್ನವ್ವಾ, ಮುತ್ತಣ್ಣಾ,

ಹೋದ ದೀಪಾವಳಿಗೆ ನಾನು ನರಗುಂದಕ್ಕೆ ಬಂದಾಗ ನೀವಿಬ್ಬರೂ ನಿಮ್ಮ ಟ್ಯಾಬನ್ನು ನನ್ನ ತೊಡೆಯ ಮೇಲಿಟ್ಟು, “ಆಯಿ, ಇಲ್ಲಿ ಒತ್ತು. ಹೆದರಬ್ಯಾಡ, ಕಡಿಯೂದಿಲ್ಲ” ಎಂದು ಕಲಿಸಲು ಕೂತಿದ್ದಿರಿ. ಇದು ನನಗೆ ಗೊತ್ತು ಎಂದೆ. ಇಬ್ಬರೂ ನಕ್ಕಿರಿ. ನಿಮ್ಮವ್ವನೂ ನಕ್ಕಳು. ನಾನು ಮುಂದೆ ಮಾತಾಡಲಿಲ್ಲ. ಎದುರಿಗೆ ನಾಲ್ಕು ಜನ ಕೂತರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ, ಚಿಕ್ಕಂದಿನಿಂದಲೂ ಹೀಗೆ. ಬರೆಯುವುದಕ್ಕೆ ಆ ತೊಂದರೆ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇದರಲ್ಲಿ ಬರುವವರೆಲ್ಲ ಇವತ್ತಿಗೂ ಇಲ್ಲಿ ಓಡಾಡಿಕೊಂಡಿರುವವರು. ಯಾರ ಹೆಸರನ್ನೂ ಹಾಕುವುದಿಲ್ಲ.

ನಾನು ಊರ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವುದು ನಿಮಗೆ ಗೊತ್ತು. ನಿಮ್ಮ ಅಜ್ಜ ಹೋದ ಮರುವರ್ಷ ಸೇರಿದೆ. ನನ್ನ ಜೊತೆ ಇನ್ನೊಬ್ಬಳಿದ್ದಾಳೆ, ಹತ್ತು ವರ್ಷ ಸಣ್ಣವಳು, ಮುಸಲ್ಮಾನರ ಮನೆಯವಳು. ಅವಳು ಮಾತಾಡುತ್ತಾಳೆ, ನಾನು ಕೇಳುತ್ತೇನೆ. ಹೀಗಾಗಿ ನಮ್ಮ ನಡುವೆ ಜಗಳ ಬಂದದ್ದಿಲ್ಲ. ಅಡುಗೆ ಕೋಣೆಗೆ ಅಂಟಿಕೊಂಡು ಅಕ್ಕಿ, ಬೇಳೆ, ಎಣ್ಣೆ ಇಡುವ ಒಂದು ಸಣ್ಣ ಕೋಣೆಯಿದೆ. ಗಟ್ಟಿ ಬಾಗಿಲು, ಜಾಳಿಗೆ ಹಾಕಿದ ಕಿಟಕಿ, ಸರಿಯಾಗಿ ಕೂಡುವ ಬೀಗ ಇರುವುದು ಅದಕ್ಕೊಂದಕ್ಕೇ. ಪ್ಲಗ್ಗಿಗೆ ಕರೆಂಟು ಬರುವುದೂ ಅಲ್ಲೇ. ಟ್ಯಾಬುಗಳು ನನ್ನ ಕೈಗೆ ಬಂದದ್ದು ಇಷ್ಟೇ ಕಾರಣಕ್ಕೆ.

ಯಾರೋ ದಾನಿಗಳು ಎಂಟು ಟ್ಯಾಬು ಕೊಟ್ಟು ಹೋಗಿದ್ದರು. ಒಂದು ವರ್ಷ ಅವು ಹೆಡ್ ಮಾಸ್ತರರ ಕಪಾಟಿನಲ್ಲೇ ಇದ್ದವು. ಆಮೇಲೆ ಪಾಠ ಹೇಳಲು ಹೊಸ ಅಕ್ಕೋರು ಬಂದರು. ವಯಸ್ಸಿನಲ್ಲಿ ನಿಮ್ಮವ್ವನಿಗಿಂತ ಸಣ್ಣವರು. ಬಂದ ವಾರದಲ್ಲೇ ಕಪಾಟಿನ ಮುಂದೆ ನಿಂತರು.

“ಮುರದ್ರ ಯಾರು ಜವಾಬು ಕೊಡೋರು?” ಎಂದರು ಹೆಡ್ ಮಾಸ್ತರರು.

“ಕಪಾಟನ್ಯಾಗ ಇದ್ರ ಮುರಿಯೂದಿಲ್ಲ, ಖರೇ ಐತ್ರಿ ಸರ್. ಹಂಗ ನೋಡಿದ್ರ ಹುಡುಗ್ರನ್ನೂ ಕಪಾಟನ್ಯಾಗ ಇಟ್ಟುಬಿಡೂಣ್ರಿ. ಮೊಣಕಾಲು ಕೆತ್ತಿಸಿಕೊಳ್ಳೂದು ತಪ್ಪತೈತಿ.”

ಅವರು ನಕ್ಕು ಕೀಲಿ ಕೊಟ್ಟರು. ಆದರೆ ಆ ನಗುವಿನಲ್ಲಿ ಒಪ್ಪಿಗೆ ಅರ್ಧವೇ ಇತ್ತು.

ಮೂರು ನಾಲ್ಕು ಮಕ್ಕಳಿಗೆ ಒಂದು ಟ್ಯಾಬು. ಅಕ್ಕೋರು ರೋಣಕ್ಕೆ ಹೋದಾಗ ತಮ್ಮ ಫೋನಿನಲ್ಲಿ ಪಾಠಗಳನ್ನು ಇಳಿಸಿಕೊಂಡು ಬರುತ್ತಿದ್ದರು, ನಮ್ಮೂರಲ್ಲಿ ನೆಟ್‌ವರ್ಕ್ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಆ ಪಾಠಗಳನ್ನು ಒಂದೊಂದೇ ಟ್ಯಾಬಿಗೆ ಸಾಗಿಸುತ್ತಿದ್ದರು. ಕೋನಗಳ ಪಾಠ ಬಂದಾಗ, ಶಾಲೆಯ ಆವರಣದಲ್ಲಿ ಎಲ್ಲೆಲ್ಲಿ ಕೋನ ಕಾಣುತ್ತದೋ ಅದರ ಫೋಟೋ ತೆಗೆದುಕೊಂಡು ಬನ್ನಿ ಎಂದು ಮಕ್ಕಳನ್ನು ಹೊರಗೆ ಬಿಟ್ಟರು. ಬಾಗಿಲು, ನಲ್ಲಿ, ಧ್ವಜದ ಕಂಬ ಎಲ್ಲ ಮುಗಿದ ಮೇಲೆ ಅಡುಗೆ ಕೋಣೆಗೆ ನುಗ್ಗಿದರು. ನಾನು ಸಾರು ತಿರುವುತ್ತಿದ್ದೆ.

“ಅಡಗಿ ಆಯಿ, ಹಂಗ ನಿಂದ್ರು, ಅಲಗಾಡಬ್ಯಾಡ! ನಿನ್ನ ಮೊಣಕೈ ಲಘುಕೋನ ಆಗೇತಿ!”

ಸಾರು ಉಕ್ಕಿತು. ನಾನು ನಿಂತೇ ಇದ್ದೆ. ನನ್ನ ಮೊಣಕೈ ಆ ದಿನ ಇಡೀ ಆರನೆಯ ತರಗತಿಗೆ ಪಾಠವಾಯಿತು. ಊಟವಾಗಿ ತಾಟುಗಳನ್ನು ತೊಳೆದ ಮೇಲೆ ನಾನು ಸಣ್ಣ ಕೋಣೆಯ ಬಾಗಿಲಲ್ಲಿ ಕೂತು ಮರುದಿನದ ಅಕ್ಕಿ ಹಸನು ಮಾಡುತ್ತೇನೆ. ಅಲ್ಲಿಂದ ತರಗತಿ ಕಾಣುತ್ತದೆ. ನಾನು ಸವಡಿಯಲ್ಲಿ ಏಳನೆಯ ತರಗತಿವರೆಗೆ ಓದಿದಾಗ ನನಗೆ ಕೋನ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ.

ಇನ್ನು ಆ ಹುಡುಗಿಯ ವಿಷಯ. ಮಳೆಗಾಲದ ಹೊತ್ತಿಗೆ ಗೋವಾದಿಂದ ಬಂದಳು. ಅವಳ ಅಪ್ಪ ಅಲ್ಲಿ ಗೌಂಡಿ ಕೆಲಸಕ್ಕೆ ಹೋಗುತ್ತಾನೆ, ಅವ್ವ ಇಟ್ಟಿಗೆ ಹೊರುತ್ತಾಳೆ. ಎರಡು ವರ್ಷ ಇವಳು ಕಟ್ಟಡಗಳ ನಡುವೆ ತಮ್ಮನನ್ನು ಹಿಡಿದುಕೊಂಡು ಕೂತಿದ್ದಳು. ಈಗ ಅಪ್ಪನ ತಾಯಿಯ ಮನೆಯಲ್ಲಿ ಬಿಟ್ಟಿದ್ದರು. ವಯಸ್ಸಿನ ಪ್ರಕಾರ ಏಳನೆಯ ತರಗತಿ. ಓದಲು ಎಬ್ಬಿಸಿದರೆ ಎರಡು ಸಾಲು ಬರುತ್ತಿರಲಿಲ್ಲ. ಹುಡುಗರು ಅವಳಿಗೆ ‘ಗೋವಾ ಮೇಡಂ’ ಎಂದು ಹೆಸರಿಟ್ಟರು.

ಅವಳ ಅಪ್ಪ ತಿರುಗಿ ಹೋಗುವ ಮುಂಚೆ ಶಾಲೆಗೆ ಬಂದ. ಮಾತು ನಡೆದದ್ದು ಅಡುಗೆ ಕೋಣೆಯ ಕಟ್ಟೆಯ ಮೇಲೆ, ನಾನು ಕೇಳಿದ್ದೇನೆ.

“ಎರಡ ವರ್ಷ ಸಾಲಿ ಬಿಟ್ಟೈತ್ರಿ ಅಕ್ಕೋರ. ಈಗ ಕುಂತ್ರ ಏನು ತಲಿಗೆ ಹತ್ತತೈತಿ? ಸುಮ್ನ ಕುಂದ್ರಾಕ ನಮ್ಮವ್ವನ ಮನಿ ಐತಲ್ರಿ.”

“ದಸರಾ ತನಕ ನನ್ನ ಕೈಯಾಗ ಬಿಡ್ರಿ.”

“ಆತು. ದಸರಾ ಸೂಟಿ ಬಿಡೂ ದಿನ ಬರ್ತೇನಿ. ನನ್ನ ಮುಂದ ಓದಿ ತೋರಸ್ಲಿ. ಓದಿದ್ಲಂದ್ರ ಇರ್ಲಿ, ಏಳನೇತ್ತೆ ಮುಗಸ್ಲಿ. ಇಲ್ಲಂದ್ರ ಕರಕೊಂಡು ಹೋಗಾಂವ. ಅಲ್ಲಿ ಸಣ್ಣಾವನ್ನ ಹಿಡಿಯಾಕ ಯಾರೂ ಇಲ್ರಿ. ಆಮ್ಯಾಲ ನೀವು ನನಗೇನೂ ಅನಬಾರ್ದು.”

“ಅನ್ನೂದಿಲ್ರಿ.”

ಹುಡುಗಿ ಕಂಬಕ್ಕೆ ಆತುಕೊಂಡು ನಿಂತಿದ್ದಳು. ಯಾರೂ ಅವಳನ್ನು ಕೇಳಲಿಲ್ಲ.

ಅಕ್ಕೋರು ಒಂದು ಉಪಾಯ ಮಾಡಿದರು. ತರಗತಿಯಲ್ಲಿ ಎಲ್ಲರ ಮುಂದೆ ಓದಲು ಅವಳಿಗೆ ನಾಚಿಕೆ. ಆದ್ದರಿಂದ ಕನ್ನಡದ ಪಾಠಗಳನ್ನು ತಾವೇ ನಿಧಾನವಾಗಿ ಓದಿ ಐದನೇ ಟ್ಯಾಬಿನಲ್ಲಿ ದನಿ ಹಿಡಿದಿಟ್ಟರು. ಅವಳು ಅದನ್ನು ಕೇಳುತ್ತ ಪುಸ್ತಕದಲ್ಲಿ ಬೆರಳಿಟ್ಟು ಓದಬೇಕು, ಆಮೇಲೆ ತನ್ನ ದನಿಯನ್ನೂ ಅದರಲ್ಲೇ ಹಿಡಿಯಬೇಕು. ಅಕ್ಕೋರು ಬಿಡುವಾದಾಗ ಕೇಳಿ ತಿದ್ದುತ್ತಾರೆ. ಇದಕ್ಕೆ ಜಾಗ ನನ್ನ ಸಣ್ಣ ಕೋಣೆ, ಮಿಕ್ಕವರು ಆಡಲು ಹೋದ ಹೊತ್ತು. ಅವಳು ಅಕ್ಕಿ ಚೀಲಕ್ಕೆ ಬೆನ್ನು ಕೊಟ್ಟು ಓದುತ್ತಿದ್ದಳು. ನಾನು ಕಲ್ಲು ಆರಿಸುತ್ತಿದ್ದೆ. ಮೊದಲ ತಿಂಗಳು ನಾವು ಒಬ್ಬರಿಗೊಬ್ಬರು ಹತ್ತು ಮಾತು ಆಡಿರಲಿಕ್ಕಿಲ್ಲ. ಇಬ್ಬರಿಗೂ ಅದೇ ಹಿತವಾಗಿತ್ತು.

ತಪ್ಪು ನಡೆದದ್ದು ದಸರಾ ಸೂಟಿಗೆ ಎರಡು ವಾರವಿದ್ದಾಗ, ಶುಕ್ರವಾರ. ಹಿಂದಿನ ದಿನದ ಮಳೆಯಿಂದ ಕಟ್ಟೆ ಹಸಿಯಾಗಿತ್ತು. ತೊಳೆದ ತಾಟುಗಳನ್ನು ಕಟ್ಟೆಯ ಮೇಲೆ ಹಾಕುವ ಬದಲು ನಾನು ಕೋಣೆಯೊಳಗಿನ ಹಲಗೆಯ ಮೇಲೆ ಒಟ್ಟಿದೆ. ಕೆಳಗಿನ ಹಲಗೆಯಲ್ಲಿ ಐದನೇ ಟ್ಯಾಬು ಚಾರ್ಜಿಗೆ ಇತ್ತು. ನೀರು ಅದರ ಮೇಲೆ ತೊಟ್ಟಿಕ್ಕಿದ್ದನ್ನು ನಾನು ನೋಡಲಿಲ್ಲ. ಹುಡುಗಿ ಬಂದು ಎತ್ತಿದಾಗ ಅದರ ಮೈಯಿಂದ ನೀರು ಸೋರುತ್ತಿತ್ತು. ಪರದೆ ಒಮ್ಮೆ ಬೆಳಗಿ ಕಪ್ಪಾಯಿತು.

“ಆಯಿ, ಗೋವಾದಾಗ ಫೋನು ನೀರಾಗ ಬಿದ್ರ ಅಕ್ಕ್ಯಾಗ ಹುಗಿತಿದ್ರು. ಎರಡ ದಿನಕ್ಕ ಚಾಲೂ ಆಗತಿತ್ತು,” ಎಂದಳು.

ಶಾಲೆಯ ಅಕ್ಕಿ ಮಕ್ಕಳ ಊಟದ್ದು, ಅದರಲ್ಲಿ ಇದನ್ನು ಹುಗಿಯಲು ನನ್ನ ಮನಸ್ಸು ಒಪ್ಪಲಿಲ್ಲ. ಯಾರಾದರೂ ನೋಡಿದರೆ ಹೇಳಬೇಕಾಗುತ್ತದೆ ಎಂಬ ಹೆದರಿಕೆಯೂ ಇತ್ತು. ಮರೆಮಾಚುವುದಿಲ್ಲ, ಅದೇ ಹೆಚ್ಚಿತ್ತು. ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಮನೆಯಲ್ಲಿ ಆಗಷ್ಟೇ ಮುಂದಿನ ವರ್ಷದ ಬೀಜಕ್ಕೆಂದು ಹೆಸರುಕಾಳನ್ನು ಗಡಿಗೆಯಲ್ಲಿ ತುಂಬಿಟ್ಟಿದ್ದೆ. ಹುಳ ಬೀಳದಿರಲಿ ಎಂದು ಬೀಜದ ಕಾಳಿಗೆ ಸಗಣಿ ಕುಳ್ಳಿನ ಬೂದಿ ಕಲಸಿಡುವುದು ನಮ್ಮ ಕಡೆಯ ಪದ್ಧತಿ. ನನ್ನ ಅವ್ವ ಹಾಗೇ ಮಾಡುತ್ತಿದ್ದಳು, ನಾನೂ ಹಾಗೇ ಮಾಡುತ್ತೇನೆ. ಅಕ್ಕಿ ತೇವ ಹೀರುವುದಾದರೆ ಬೂದಿ ಇನ್ನೂ ಬೇಗ ಹೀರುತ್ತದೆ ಎಂದು ಯೋಚಿಸಿದೆ. ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಬೂದಿಯನ್ನೇ ಅಲ್ಲವೇ ಹಾಕುವುದು? ಬುದ್ಧಿ ಉಪಯೋಗಿಸಿದ್ದೇನೆ ಎಂಬ ಸಮಾಧಾನದಿಂದಲೇ ಟ್ಯಾಬನ್ನು ಕಾಳಿನ ನಡುವೆ ಹುಗಿದು ಬಾಯಿ ಕಟ್ಟಿದೆ.

ಸೋಮವಾರ ಬೆಳಿಗ್ಗೆ ತೆಗೆದಾಗ ಅದು ಒಣಗಿತ್ತು. ಆದರೆ ಚಾರ್ಜಿನ ತಂತಿ ಸೇರಿಸುವ ತೂತಿನಲ್ಲಿ ಬೂದಿ ಕಚ್ಚಿಕೊಂಡಿತ್ತು, ದನಿ ಬರುವ ಸಣ್ಣ ಸಣ್ಣ ತೂತುಗಳಲ್ಲಿಯೂ. ಹಸಿ ಇದ್ದಾಗ ಒಳಗೆ ಹೋದ ಬೂದಿ ಗೋಡೆಯ ಗಿಲಾವಿನ ಹಾಗೆ ಗಟ್ಟಿಯಾಗಿತ್ತು. ಸೂಜಿಯಿಂದ ಕೆದರಿದೆ. ಇನ್ನೂ ಒಳಗೆ ಹೋಯಿತು.

ಶಾಲೆಗೆ ಒಯ್ದು ಮೊದಲಿನ ಜಾಗದಲ್ಲೇ ಇಟ್ಟೆ. ಅಕ್ಕೋರಿಗೆ ಹೇಳಬೇಕೆಂದು ಮೂರು ಸಲ ಬಾಗಿಲವರೆಗೆ ಹೋದೆ. ಮೊದಲ ಎರಡು ಸಲ ಅವರು ಯಾರ ಜೊತೆಗೋ ಮಾತಾಡುತ್ತಿದ್ದರು. ಮೂರನೆಯ ಸಲ ಅವರು ಒಬ್ಬರೇ ಇದ್ದರು, ಆಗಲೂ ಹೇಳಲಿಲ್ಲ.

ಮಧ್ಯಾಹ್ನ ಹೆಡ್ ಮಾಸ್ತರರೇ ಟ್ಯಾಬುಗಳನ್ನು ನೋಡಲು ಬಂದರು. ಐದನೆಯದನ್ನು ಎತ್ತಿ ಒತ್ತಿದರು, ತಿರುಗಿಸಿದರು. ಅವರ ಬಿಳಿ ಅಂಗಿಗೆ ಬೂದಿ ಉದುರಿತು. ಅದನ್ನು ಹಿಡಿದುಕೊಂಡೇ ಏಳನೆಯ ತರಗತಿಗೆ ಹೋದರು.

“ಇದನ್ನ ದಿನಾ ಹಿಡಿಯಾಕಿ ಯಾರು?”

ಹುಡುಗಿ ಎದ್ದು ನಿಂತಳು.

“ಕಟ್ಟಡದ ಮಣ್ಣಾಗ ಆಡಿದ ಕೈ ಐತಿ, ಇದರ ಬೆಲಿ ನಿನಗೇನು ಗೊತ್ತಾಗಬೇಕು? ಬೂದ್ಯಾಗ ಇಟ್ಟಿದ್ದೇನು ಇದನ್ನ?”

ಹಿಂದಿನಿಂದ ಒಬ್ಬ, “ಗೋವಾ ಮೇಡಂ ಬೂದಿ ಹಚ್ಚಿ ಭಾಂಡೆ ತಿಕ್ಯಾರ್ರಿ ಸರ್,” ಎಂದ. ಎಲ್ಲರೂ ನಕ್ಕರು. ಹುಡುಗಿಗೆ ಎಲ್ಲ ಗೊತ್ತಿತ್ತು. ಅವಳು ನನ್ನ ಕಡೆಗೆ ನೋಡಲೂ ಇಲ್ಲ. ನೆಲ ನೋಡುತ್ತ ನಿಂತಳು. ಈ ಮಾತು ಅವಳ ಅಪ್ಪನ ಕಿವಿಗೆ ಬಿದ್ದರೆ ಓದು ತೋರಿಸುವವರೆಗೂ ಅವನು ಕಾಯುವುದಿಲ್ಲ ಎಂಬುದು ನನಗೆ ಹೊಳೆಯಿತು.

“ನಾ ಮಾಡೇನ್ರಿ,” ಎಂದೆ.

ಬಾಗಿಲಲ್ಲಿ ನಿಂತು ಹೇಳಿದ್ದು ಯಾರಿಗೂ ಕೇಳಲಿಲ್ಲ. ಒಳಗೆ ಬಂದು ಮತ್ತೊಮ್ಮೆ ಹೇಳಬೇಕಾಯಿತು. ತಾಟಿನ ನೀರು, ಗಡಿಗೆ, ಬೂದಿ ಎಲ್ಲ ಹೇಳಿದೆ. ಐವತ್ತು ವರ್ಷಗಳಲ್ಲಿ ತರಗತಿಯೊಳಗೆ ನಾನು ಬಾಯಿಬಿಟ್ಟದ್ದು ಅದೇ ಮೊದಲು. ಮಕ್ಕಳು ಮತ್ತೂ ಜೋರಾಗಿ ನಕ್ಕರು. ಹೆಡ್ ಮಾಸ್ತರರು ನಗಲಿಲ್ಲ.

“ಯಮ್ಮಾ, ಇದಕ್ಕ ನಾ ಕಪಾಟನ್ಯಾಗ ಇಟ್ಟಿದ್ದೆ,” ಎಂದರು. ಹುಡುಗಿಗೆ ಕೂಡು ಎಂದು ಕೈ ಮಾಡಿದರು. ಉಳಿದ ಏಳು ಟ್ಯಾಬುಗಳು ಅವತ್ತೇ ಕಪಾಟು ಸೇರಿದವು. ಕೆಟ್ಟದ್ದನ್ನು ನನ್ನ ಕೈಗೆ ಕೊಟ್ಟು, ಎಲ್ಲಿಯಾದರೂ ತೋರಿಸಿಕೊಂಡು ಬರಲು ಹೇಳಿದರು.

ಅಕ್ಕೋರಿಗೆ ಮರುದಿನದಿಂದ ಆ ವಾರವೆಲ್ಲ ರೋಣದಲ್ಲಿ ತರಬೇತಿ. ಹೋಗುವ ಮುಂಚೆ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. “ಅವ್ವಾರ, ಟ್ಯಾಬು ಹೋದ್ರ ಹೋಗ್ಲಿ. ಒಳಗಿನ ಪಾಠ ಉಳದ್ರ ನಿಮ್ಮ ಫೋನಿಗಾರ ಹಾಕಿಸ್ರಿ. ಆ ಹುಡುಗಿ ವಾರ ಬಿಟ್ಲಂದ್ರ ಎಲ್ಲಾ ಮರೀತಾಳ,” ಎಂದರು.

ನನ್ನ ಜೊತೆಯವಳ ಅಣ್ಣ ಗಜೇಂದ್ರಗಡದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮರುದಿನ ಅಡುಗೆ ಮುಗಿಸಿ ಇಬ್ಬರೂ ಬಸ್ ಹತ್ತಿದೆವು. ಅವನು ಟ್ಯಾಬನ್ನು ಬಿಚ್ಚಿ, ಕಣ್ಣಿಗೆ ಗಾಜು ಏರಿಸಿಕೊಂಡು ನೋಡಿ, ಚಿಮಟಿಗೆಯಿಂದ ಒಂದು ಹೆಸರುಕಾಳು ಹೊರಗೆ ತೆಗೆದ.

“ಯವ್ವಾ, ಮುಂಗಾರಿಗೆ ಬಿತ್ತಾಕ ಇಟ್ಟಿದ್ದೇನು ಇದನ್ನ? ಮಳಿ ಚಲೋ ಆದ್ರ ಎಕರೆಕ್ಕ ಎಷ್ಟು ಟ್ಯಾಬು ಬರ್ತಾವು?”

ಅವನ ತಂಗಿ, “ನಗಬ್ಯಾಡ ಅಣ್ಣಾ, ಆಕಿ ನಿನ್ನಿಯಿಂದ ಉಂಡಿಲ್ಲ,” ಎಂದಳು. ಅವನು ಬ್ರಷ್ಷಿನಿಂದ ಬೂದಿ ಕಿತ್ತ, ಏನೋ ಎಣ್ಣೆ ಹಚ್ಚಿದ. ಸಂಜೆ ಹೊತ್ತಿಗೆ ಪರದೆ ಬೆಳಗಿತು. ದನಿ ಮಾತ್ರ ಕಂಬಳಿ ಹೊದ್ದು ಮಾತಾಡಿದ ಹಾಗೆ ಬರುತ್ತಿತ್ತು. ಪಾಠಗಳೆಲ್ಲ ಒಳಗೇ ಇದ್ದವು. ನಿಮ್ಮವ್ವ ಕೊಡಿಸಿದ ಫೋನಿಗೆ ಅವನ್ನು ಹಾಕಿ, ಎಲ್ಲಿ ಒತ್ತಿದರೆ ದನಿ ಬರುತ್ತದೆ, ಎಲ್ಲಿ ಒತ್ತಿದರೆ ನಮ್ಮ ದನಿ ಒಳಗೆ ಹೋಗುತ್ತದೆ ಎಂದು ತೋರಿಸಿದ. ಆವರೆಗೆ ನಾನು ಅದರಲ್ಲಿ ಕರೆ ಬಂದರೆ ಎತ್ತುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ. ಹೆಡ್ ಮಾಸ್ತರರು ಐದನೆಯದನ್ನೂ ಕಪಾಟಿಗೆ ಸೇರಿಸಿ, “ಸೂಟಿ ಮುಗದ ಮ್ಯಾಲ ನೋಡೂಣು,” ಎಂದರು.

ಅಂದಿನಿಂದ ಹುಡುಗಿ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬರತೊಡಗಿದಳು. ಫೋನಿನಲ್ಲಿ ಅಕ್ಕೋರ ದನಿ ಹಚ್ಚಿ ಕೊಡುತ್ತಿದ್ದೆ, ಅವಳು ಪುಸ್ತಕ ತೆರೆದು ಜೊತೆಗೂಡಿ ಓದುತ್ತಿದ್ದಳು. ಎಷ್ಟು ಚೆನ್ನಾಗಿ ಎಂದರೆ ಅಕ್ಕೋರು ಉಸಿರು ತೆಗೆದುಕೊಂಡಲ್ಲೇ ಇವಳೂ ತೆಗೆದುಕೊಳ್ಳುತ್ತಿದ್ದಳು. ಶಾಲೆಯಲ್ಲಿ ನಾನು ಇಷ್ಟು ಹತ್ತಿರ ಕೂತು ನೋಡಿರಲಿಲ್ಲ. ಎರಡನೆಯ ದಿನ ಗಮನಿಸಿದೆ: ಬಾಯಿ ಐದನೆಯ ಸಾಲಿನಲ್ಲಿದೆ, ಬೆರಳು ಮೂರನೆಯದರಲ್ಲಿ. ಸುಮ್ಮನೆ ಪುಸ್ತಕದ ಹಾಳೆ ಒಂದು ತಿರುವಿದೆ. ಅವಳು ನಿಲ್ಲಲಿಲ್ಲ. ಅದೇ ಪಾಠವನ್ನೇ ಮುಂದುವರಿಸಿದಳು.

ಎರಡು ತಿಂಗಳು ಅವಳು ಓದಿರಲೇ ಇಲ್ಲ. ಎಂಟು ಪಾಠಗಳನ್ನು ಕಿವಿಯಿಂದ ಬಾಯಿಪಾಠ ಮಾಡಿಕೊಂಡಿದ್ದಳು. ಅಕ್ಕೋರು ಟ್ಯಾಬಿನಲ್ಲಿ ಅವಳ ದನಿ ಕೇಳಿ, ಓದು ಬಂತು ಎಂದು ತಿಳಿದಿದ್ದರು. ದನಿಯಲ್ಲಿ ಬೆರಳು ಕಾಣುವುದಿಲ್ಲವಲ್ಲ.

ಫೋನು ನಿಲ್ಲಿಸಿದೆ. ಅವಳಿಗೆ ಗೊತ್ತಾಯಿತು.

“ಅಕ್ಕೋರಿಗೆ ಹೇಳ್ತೀಯೇನು ಆಯಿ?”

“ನನಗ ಹೇಳಾಕ ಬರೂದಿಲ್ಲ,” ಎಂದೆ. ಅದಕ್ಕೆ ಅವಳು ಸ್ವಲ್ಪ ನಕ್ಕಳು. “ಅಕ್ಷರಾ ಬರ್ತಾವೋ ಇಲ್ಲೋ?” ಎಂದು ಕೇಳಿದೆ.

“ಬರ್ತಾವು. ಒತ್ತಕ್ಷರ ಬಂದ್ರ ತಡಿತೈತಿ. ಅಷ್ಟರಾಗ ಅಕ್ಕೋರು ಮುಂದ ಹೋಗಿರ್ತಾರ. ನಾ ಅವರ ಹಿಂದ ಓಡತೇನಿ.”

ಗೋಡೆಯ ಮೊಳೆಗೆ ಹತ್ತು ವರ್ಷದ ಲಗ್ನಪತ್ರಿಕೆಗಳನ್ನು ಸಿಕ್ಕಿಸಿಟ್ಟಿದ್ದೆ. ಅವಳು ಮೊದಲೇ ಕೇಳಿರದಂಥ, ಓದಲು ಆಗುವಂಥದ್ದು ಮನೆಯಲ್ಲಿ ಬೇರೇನೂ ಇರಲಿಲ್ಲ. ಒಂದನ್ನು ತೆಗೆದುಕೊಟ್ಟೆ. ಲಗ್ನಪತ್ರಿಕೆಯಲ್ಲಿರುವಷ್ಟು ಒತ್ತಕ್ಷರ ಯಾವ ಪಾಠದಲ್ಲಿಯೂ ಇರುವುದಿಲ್ಲ. ಅವಳು ಮುಶಿಗೇರಿಯ ಒಂದು ಮದುವೆಯ ಮುಹೂರ್ತ ದಾಟಲು ಅರ್ಧ ತಾಸು ತೆಗೆದುಕೊಂಡಳು. ಮುಗಿದ ಮೇಲೆ ತಾನೇ, “ಆಯಿ, ಅಕ್ಕೋರ ದನಿ ಬ್ಯಾಡ. ನನ್ನ ದನಿ ಹಿಡಿ, ನಾ ಕೇಳತೇನಿ,” ಎಂದಳು. ತಾನು ತಡವರಿಸಿ ಓದಿದ್ದನ್ನು ಫೋನಿನಲ್ಲಿ ಕೇಳುತ್ತ ಪತ್ರಿಕೆಯ ಮೇಲೆ ಬೆರಳು ಸರಿಸುವಳು. ತಪ್ಪಿದಲ್ಲಿ ಅವಳಿಗೇ ಗೊತ್ತಾಗುತ್ತಿತ್ತು. “ಇಲ್ಲಿ ಹಾರಸೇನಿ ನೋಡು” ಎನ್ನುವಳು. ತನ್ನ ಹಿಂದೆ ತಾನು ಓಡುವ ಅವಸರ ಇರಲಿಲ್ಲ. ಹೀಗೆ ಒಂಬತ್ತು ದಿನಗಳಲ್ಲಿ ಹನ್ನೊಂದು ಮದುವೆ, ಎರಡು ಗೃಹಪ್ರವೇಶ, ಖಾರದ ಪುಡಿಯ ಚೀಟಿ, ನಿಮ್ಮವ್ವ ನನಗೆ ಕಳಿಸಿದ ಮೆಸೇಜುಗಳು ಇಷ್ಟು ಮುಗಿದವು. ಅಕ್ಕೋರು ತರಬೇತಿಯಿಂದ ಬಂದ ದಿನ ಅವಳೇ ಹೋಗಿ ಬಾಯಿಪಾಠದ ವಿಷಯ ಹೇಳಿದಳು.

ಸೂಟಿ ಬಿಡುವ ದಿನ ಅಪ್ಪ ಬಂದ. ಅದೇ ಕಟ್ಟೆಯ ಮೇಲೆ ಅಕ್ಕೋರು, ಹುಡುಗಿ, ಅವನು. ನಾನು ಒಳಗೆ ಒಲೆಯ ಹತ್ತಿರ. ಅಕ್ಕೋರು ಪುಸ್ತಕ ಕೊಡಹೋದರು. ಅವನು ತೆಗೆದುಕೊಳ್ಳಲಿಲ್ಲ.

“ಪುಸ್ತಕ ಬ್ಯಾಡ್ರಿ. ನಮ್ಮವ್ವ ಅಂದಾಳ, ಮಾತಾಡೂ ಫಳಿ, ಅದ ನಿಮ್ಮ ಟ್ಯಾಬು, ಕೇಳಿ ಕೇಳಿ ಎಲ್ಲಾ ಬಾಯಿಪಾಠ ಮಾಡ್ಯಾಳಂತ.” ಕಿಸೆಯಿಂದ ತನ್ನ ಫೋನು ತೆಗೆದ. “ನಮ್ಮ ಮೇಸ್ತ್ರಿ ಮೊನ್ನೆ ಇದನ್ನ ಕಳಸ್ಯಾನ. ಇದನ್ನ ಓದಲಿ.”

ಅದನ್ನು ಅವನು ತಾನೇ ಓದಿರಲಿಲ್ಲ. ಅವನಿಗೆ ಓದಲು ಬರುವುದಿಲ್ಲ ಎಂಬುದು ಅವನು ಫೋನು ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು.

ಹುಡುಗಿ ಫೋನು ಹಿಡಿದಳು. ಬೆರಳಿಟ್ಟರೆ ಪರದೆ ಸರಿದುಬಿಡುತ್ತದೆಂದು ಬೆರಳನ್ನು ಸ್ವಲ್ಪ ಎತ್ತರದಲ್ಲೇ ಆಡಿಸಿದಳು. “ಸೋ... ಸೋಮವಾರ... ಮುಂ... ಮುಂಜಾನೆ ಏಳಕ್ಕ.” ‘ಹೊಸ’ ಸರಿಯಾಗಿ ಬಂತು. ‘ಕಾಂಪೌಂಡ್’ ಎಂಬಲ್ಲಿ ಮೂರು ಸಲ ಎಡವಿದಳು. ಅಕ್ಕೋರು ತುಟಿ ತೆರೆದರು, ಅವನು ಬೇಡ ಎಂದು ಕೈ ತೋರಿಸಿದ. ಅವಳು ನಿಂತು, ಹಿಂದಕ್ಕೆ ಹೋಗಿ, ಮತ್ತೆ ಬಂದು ದಾಟಿದಳು. ‘ಸೆಂಟ್ರಿಂಗ್’ ಎಂಬುದನ್ನು ಮಾತ್ರ ಒಂದೇ ಉಸಿರಿನಲ್ಲಿ ಹೇಳಿದಳು, ಎರಡು ವರ್ಷ ಅದರ ನೆರಳಿನಲ್ಲೇ ಕೂತವಳು. ಸ್ಲ್ಯಾಬಿನ ಕೆಳಗೆ ಕಟ್ಟಿದ ಸೆಂಟ್ರಿಂಗ್ ಹಲಗೆ ಬಿಚ್ಚುವುದಿದೆ, ನಿನ್ನ ತಮ್ಮನನ್ನೂ ಕರೆದುಕೊಂಡು ಬಾ ಎಂದು ಮೇಸ್ತ್ರಿ ಬರೆದಿದ್ದ. ನಾಲ್ಕು ಸಾಲಿಗೆ ಅನ್ನ ಒಂದು ಕುದಿ ಬರುವಷ್ಟು ಹೊತ್ತು ಹಿಡಿಯಿತು.

ಸರಾಗವಾಗಿ ಓದಿದ್ದರೆ ಅವನು ನಂಬುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವಳು ಎಡವಿದ್ದನ್ನೇ ಅವನು ನೋಡುತ್ತಿದ್ದ.

“ತಮ್ಮನ್ನೂ ಕರಕೊಂಡು ಬಾ ಅಂದಾನೇನು?” ಎಂದು ಕೇಳಿದ.

“ಹೂಂ. ಕಾಕಾನ್ನ.”

ಅವನು ಫೋನನ್ನು ಕಿಸೆಗೆ ಹಾಕಿಕೊಂಡ. “ಆತ್ರಿ ಅಕ್ಕೋರ. ಏಳನೇತ್ತೆ ಮುಗಸ್ಲಿ. ಎಂಟನೇತ್ತೆಕ್ಕ ಗಜೇಂದ್ರಗಡದ ಬಸ್ಸು ಹಿಡಿಯೂದು ಆಮ್ಯಾಲಿನ ಮಾತು, ಅದಕ್ಕ ನಾ ಏನೂ ಹೇಳೂದಿಲ್ಲ ಈಗ,” ಎಂದ. ಊಟಕ್ಕೆ ಕೂಡಲು ಕರೆದರೆ ಬಸ್ಸಿನ ಹೊತ್ತಾಯಿತೆಂದು ಹೊರಟ. ಅವಳು ಗೇಟಿನವರೆಗೆ ಹೋಗಿ ಬಂದು, ತಾಟು ತೆಗೆದುಕೊಂಡು ಸಾಲಿನಲ್ಲಿ ನಿಂತಳು. ಬಡಿಸಿದೆ.

ಸೂಟಿಯ ನಂತರ ಟ್ಯಾಬುಗಳು ಹೊರಗೆ ಬಂದವು. ಅಕ್ಕೋರು ಈಗ ತಮ್ಮ ದನಿ ಹಿಡಿಯುವುದಿಲ್ಲ, ಮಕ್ಕಳದ್ದನ್ನು ಹಿಡಿದು ಮಕ್ಕಳಿಗೇ ಕೇಳಿಸುತ್ತಾರೆ. ಎದುರಿಗೆ ಕೂತು ಬೆರಳನ್ನೂ ನೋಡುತ್ತಾರೆ. ಆ ಹುಡುಗಿ ಏಳನೆಯ ತರಗತಿಯಲ್ಲೇ ಇದ್ದಾಳೆ. ನಮ್ಮೂರ ಶಾಲೆ ಏಳರವರೆಗೇ ಇರುವುದು, ಮಾರ್ಚಿನ ಪರೀಕ್ಷೆಯ ನಂತರ ಏನಾಗುತ್ತದೋ ತಿಳಿಯದು. ಅವಳ ಅಪ್ಪ ಇನ್ನೂ ಹೇಳಿಲ್ಲ. ನಾನು ಕೇಳಿಲ್ಲ. ಕೇಳಬೇಕಾದೀತು.

ಇದನ್ನು ನಿಮ್ಮವ್ವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಫೋಟೋ ತೆಗೆದುಕೊಂಡು ಹಾಳೆಗಳನ್ನು ಎಸೆಯಬೇಡಿ. ನೀರು ಮುಟ್ಟದ ಕಡೆ, ರೇಶನ್ ಕಾರ್ಡಿರುವ ಪ್ಲಾಸ್ಟಿಕ್ ಚೀಲದಲ್ಲಿ ಇವನ್ನೂ ಇಟ್ಟುಕೊಂಡಿರಿ.